ಸುಣ್ಣ ಬಳಿದರೆ ಮನೆ ಮಾರೀತೇ?

ನವರಾತ್ರಿಯ ಘಟ ಕೂಡಿಸುವ ಮೊದಲು ಮನೆ ಝಾಡಿಸಿ, ನೆಲ ಸಾರಿಸಿ, ಗೋಡೆಗೆ ಸುಣ್ಣ ಬಳಿಯುವುದು ಭೀಮಾ ದಂಡೆಯ ಊರುಗಳ ಹಳೆಯ ವಾಡಿಕೆ. ಮಳೆಗಾಲ ಬಿಟ್ಟುಹೋದ ಕಲೆಗಳೆಲ್ಲ ಆ ಒಂದು ವಾರದಲ್ಲಿ ಮರೆಯಾಗುತ್ತವೆ. ಮನೆ ಮಾರುವ ಯೋಚನೆ ಇದ್ದವರಿಗೂ ಇದೇ ಅನುಕೂಲದ ಕಾಲ. ಹಬ್ಬಕ್ಕೆಂದು ಹಚ್ಚಿದ ಸುಣ್ಣ ಹೊಸದಿರುವಾಗಲೇ, ದಸರೆಗೂ ದೀಪಾವಳಿಗೂ ನಡುವೆ, ಕೊಳ್ಳುವವರನ್ನು ಕರೆತಂದು ತೋರಿಸಿದರೆ ಮನೆಯ ವಯಸ್ಸು ಹತ್ತು ವರ್ಷ ಇಳಿದಂತೆ ಕಾಣುತ್ತದೆ. ಸುಣ್ಣದ ಹೊಳಪಿನಿಂದ ಮಾತುಕತೆ ಶುರುವಾಗುವುದೇನೋ ನಿಜ. ಆದರೆ ವ್ಯವಹಾರ ಮುಂದೆ ಸಾಗದೆ ನಿಂತುಬಿಡುವುದು ಬೇರೆ ಬೇರೆ ಕಡೆ: ಮಾಳಿಗೆಯ ಮಣ್ಣಿನಲ್ಲಿ, ಪಾಯದ ಕೆಳಗಿನ ಎರೆಯಲ್ಲಿ, ಪೆಟ್ಟಿಗೆಯೊಳಗಿನ ಕಾಗದದಲ್ಲಿ, ಗಂಡನ ಮನೆಯಲ್ಲಿರುವ ಅಕ್ಕತಂಗಿಯರ ಸಹಿಯಲ್ಲಿ.

ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ದಕ್ಷಿಣ ಸೊಲ್ಲಾಪುರ ತಾಲ್ಲೂಕಿನ ಭಂಡಾರಕವಠೆ ಈ ವಿಷಯವನ್ನು ಹತ್ತಿರದಿಂದ ನೋಡಲು ತಕ್ಕ ಊರು. ಇತ್ತ ಭಂಡಾರಕವಠೆ, ಅತ್ತ ವಿಜಯಪುರ ಜಿಲ್ಲೆಯ ಗೋವಿಂದಪುರ. ನಡುವೆ ಭೀಮೆಯೂ ಬಾಂದಾರವೂ ಇವೆ. ಎರಡೂ ದಡಗಳಲ್ಲಿ ಕಬ್ಬು, ಜೋಳ, ಕನ್ನಡ ಒಂದೇ. ಕಚೇರಿಗಳು ಮಾತ್ರ ಬೇರೆ. 1956ರ ರಾಜ್ಯ ಪುನರ್ವಿಂಗಡಣೆ ಸೊಲ್ಲಾಪುರದ ಕಡೆಯ ದಡವನ್ನು ಅಂದಿನ ಮುಂಬಯಿ ರಾಜ್ಯದಲ್ಲಿ ಉಳಿಸಿತು. ಗಡಿ ತಂಟೆಯ ಇತ್ಯರ್ಥಕ್ಕೆ ನೇಮಿಸಿದ ಆಯೋಗ 1967ರಲ್ಲಿ ಕೊಟ್ಟ ವರದಿ ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರದ ಕನ್ನಡ ಸೀಮೆ ಕರ್ನಾಟಕಕ್ಕೆ ಸೇರಬೇಕೆಂದಿತು. ಗಡಿ ಮಾತ್ರ ಇದ್ದಲ್ಲೇ ಉಳಿಯಿತು. ಅದರ ಪರಿಣಾಮ ರಾಜಕೀಯಕ್ಕಷ್ಟೇ ಸೀಮಿತವಲ್ಲ. ಮನೆಯ ವಿಚಾರವನ್ನು ಕನ್ನಡದಲ್ಲಿ ಮಾತಾಡಿ ಮರಾಠಿಯಲ್ಲಿ ನೋಂದಾಯಿಸುವ ಕುಟುಂಬಗಳಿಗೆ ಅದು ಪ್ರತಿ ಖರೇದಿಯಲ್ಲೂ ಎದುರಾಗುತ್ತದೆ.

ಮಾರುವವರು, ಕೊಳ್ಳುವವರು

ಹಳ್ಳಿಯಲ್ಲಿ ಮನೆ ಮಾರುವುದು ಸುಖದ ಸುದ್ದಿಯಲ್ಲ. ಹೊಲ ಮಾರಿದರೆ ಮಗಳ ಮದುವೆ, ಮಗನ ಓದು ಎಂದು ಕಾರಣ ಹೇಳಬಹುದು. ಊರೊಳಗಿನ ಮನೆ ಮಾರಿದರೆ ಬೇರೇ ಕಿತ್ತಿತು ಎನ್ನುತ್ತಾರೆ. ಆದ್ದರಿಂದ ಇಲ್ಲಿ ಗೋಡೆಗೆ ‘ಮಾರಾಟಕ್ಕಿದೆ’ ಎಂಬ ಹಲಗೆ ತೂಗುವುದು ಅಪರೂಪ. ಮಾತು ಕಿರಾಣಿ ಅಂಗಡಿಯ ಕಟ್ಟೆಯಿಂದ, ದಲಾಲನ ಬಾಯಿಂದ, ಬೀಗರ ಮನೆಯ ಊಟದ ಪಂಕ್ತಿಯಿಂದ ಮೆಲ್ಲಗೆ ಹರಡುತ್ತದೆ. ಮಾರುವವರಲ್ಲಿ ಹೆಚ್ಚಿನವರು ಪುಣೆ, ಮುಂಬಯಿ ಅಥವಾ ಸೊಲ್ಲಾಪುರಕ್ಕೆ ಹೋಗಿ ನೆಲೆಸಿದವರು. ಜಾತ್ರೆಗೊಮ್ಮೆ ಬಂದು ಕೀಲಿ ತೆಗೆದು, ದೇವರ ಜಗಲಿಗೆ ದೀಪ ಹಚ್ಚಿ, ಮತ್ತೆ ಕೀಲಿ ಹಾಕಿ ಹೋಗುವ ಮನೆಗಳು ಪ್ರತಿ ಊರಿನಲ್ಲೂ ಸಿಗುತ್ತವೆ.

ಕೊಳ್ಳುವವರಲ್ಲಿ ಮುಖ್ಯವಾಗಿ ಮೂರು ಬಗೆ. ಪಕ್ಕದ ಗೋಡೆಯ ಅಣ್ಣತಮ್ಮಕಿಯವರಿಗೆ ತಮ್ಮ ಮನೆ ದೊಡ್ಡದು ಮಾಡಿಕೊಳ್ಳುವ ಆಸೆ. ಅವರಿಗೆ ಬೇಕಾದದ್ದು ಜಾಗ, ಗೋಡೆಯ ಬಣ್ಣವಲ್ಲ. ಎರಡನೆಯವರು ತೋಟದ ವಸ್ತಿಯಲ್ಲಿರುವ ರೈತರು. ಮಕ್ಕಳ ಶಾಲೆ, ವಯಸ್ಸಾದವರ ದವಾಖಾನೆಗಾಗಿ ಅವರಿಗೆ ಊರೊಳಗೆ ನಳ, ಶೌಚಾಲಯವಿರುವ ಮನೆ ಬೇಕು. ಮೂರನೆಯವರು ನಿವೃತ್ತರಾಗಿ ಊರಿಗೆ ಮರಳುವವರು. ಇವರಲ್ಲಿ ಸುಣ್ಣಬಣ್ಣಕ್ಕೆ ಮನಸೋಲುವವರು ಮೂರನೆಯವರು ಮಾತ್ರ. ಅವರ ಸಂಖ್ಯೆಯೂ ಕಡಿಮೆ. ಪೇಟೆಯ ಪೈಪೋಟಿಯೂ ಇದೆ. ಇದೇ ತಾಲ್ಲೂಕಿನ ಕುಂಭಾರಿಯಲ್ಲಿ ಬೀಡಿ ಕಟ್ಟುವವರು, ಮಗ್ಗದವರು, ಚಿಂದಿ ಆಯುವವರಿಗಾಗಿ ಕಟ್ಟಿದ 15,000 ಮನೆಗಳನ್ನು 2024ರ ಜನವರಿ 19ರಂದು ಹಸ್ತಾಂತರಿಸಲಾಯಿತು. ಆರ್‌ಸಿಸಿ ಛಾವಣಿಯ ಸಣ್ಣ ಹೊಸ ಮನೆ ಕಣ್ಣೆದುರು ಇರುವಾಗ ಹಳೆಯ ಮಾಳಿಗೆ ಮನೆಯನ್ನು ನೋಡುವ ನೋಟವೇ ಬದಲಾಗುತ್ತದೆ.

ಮಾಳಿಗೆಯ ಭಾರ

ಇಂಥದೊಂದು ಹಳೆಯ ಮನೆಯನ್ನು ಕಣ್ಣಮುಂದೆ ತಂದುಕೊಳ್ಳೋಣ. ಎತ್ತರದ ಕಟ್ಟೆ, ತಲೆ ಬಗ್ಗಿಸಿ ದಾಟಬೇಕಾದ ಹೊಸ್ತಿಲು, ಒಳಗೆ ಪಡಸಾಲೆ, ಅದರಾಚೆ ದೇವರ ಜಗಲಿ. ಕರಿಕಲ್ಲು ಮತ್ತು ಮಣ್ಣಿನ ಗೋಡೆಯ ದಪ್ಪ ಎರಡಡಿಗೆ ಕಡಿಮೆಯಿಲ್ಲ. ಗೋಡೆಯಲ್ಲಿ ದೀಪದ ಮಾಡ, ಛಾವಣಿಯಲ್ಲಿ ಬೆಳಕಿಂಡಿ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಸಣ್ಣ ಕಟ್ಟಿಗೆಯ ಹಾಸು, ಎಲ್ಲಕ್ಕೂ ಮೇಲೆ ಮಣ್ಣು. ಮನೆಯ ಅಳತೆಯನ್ನು ಚದರ ಅಡಿಯಲ್ಲಿ ಹೇಳುವ ರೂಢಿ ಮೊನ್ನೆ ಮೊನ್ನೆಯದು. ಹಿರಿಯರಿಗೆ ಇವತ್ತಿಗೂ ಅದು ಎಂಟು ಅಂಕಣದ ಮನೆ, ಹತ್ತು ಖಣದ ಮನೆ. ಮಿರಗದ ಮಳೆಗೆ ಮೊದಲು ಮಾಳಿಗೆಗೆ ಬಿಳಿಮಣ್ಣು ಹಾಕಿ ಬಡಿದು ಗಟ್ಟಿ ಮಾಡಬೇಕು. ಎರಡು ವರ್ಷ ಇದನ್ನು ತಪ್ಪಿಸಿದರೆ ನೀರು ಜಂತಿಯ ತುದಿಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಒಳಗೆ ತಂಪು, ಚಳಿಯಲ್ಲಿ ಬೆಚ್ಚಗೆ. ಬಯಲುಸೀಮೆಯ ಹವೆಗೆ ಇದಕ್ಕಿಂತ ಹೊಂದುವ ಕಟ್ಟಡವಿಲ್ಲ.

ಆದರೆ ಈ ಮಾಳಿಗೆಯ ಮೇಲಿನ ನಂಬಿಕೆ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕುಸಿಯಿತು. ಲಾತೂರು ಜಿಲ್ಲೆಯ ಕಿಲ್ಲಾರಿ ಸುತ್ತಲಿನ ಭೂಕಂಪದಲ್ಲಿ ಅಧಿಕೃತ ಲೆಕ್ಕದಂತೆಯೇ ಸುಮಾರು 8 ಸಾವಿರ ಜನ ಸತ್ತರು. ಹೆಚ್ಚಿನವರು ಮಲಗಿದ್ದಲ್ಲೇ ಕಲ್ಲುಮಣ್ಣಿನಡಿ ಸಿಕ್ಕವರು. ಅಲ್ಲಿನ ಮನೆಗಳೂ ಇಲ್ಲಿನವೂ ಒಂದೇ ಜಾತಿಯವು. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯ ಮೇಲೆ ಒಂದೂವರೆ ಅಡಿ ಮಣ್ಣಿದ್ದರೆ ಅದು 150 ಘನ ಅಡಿ. ಅಂದರೆ ಮಲಗಿದವರ ತಲೆಯ ಮೇಲೆ ಆರೇಳು ಟನ್ ಭಾರ. ಸೊಲ್ಲಾಪುರ ಜಿಲ್ಲೆಯ ಜನ ಅಂದು ಮೈಮೇಲೆ ಮಣ್ಣು ಉದುರಿಸಿಕೊಂಡು ಹೊರಗೆ ಓಡಿ ಬಂದ ನೆನಪು ಐವತ್ತು ದಾಟಿದವರಲ್ಲಿ ಇನ್ನೂ ಹಸಿಯಾಗಿದೆ. ಕೊಳ್ಳುವವರು ಒಳಗೆ ಬಂದ ಕೂಡಲೇ ಕತ್ತೆತ್ತಿ ನೋಡುವುದು ಈ ಕಾರಣಕ್ಕೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಮರದ ಕಂಬ-ತೊಲೆಗಳ ಚೌಕಟ್ಟೇ ಛಾವಣಿಯನ್ನು ಹೊತ್ತಿದ್ದ ಅನೇಕ ಮನೆಗಳಲ್ಲಿ ಗೋಡೆ ಬಿದ್ದರೂ ಚೌಕಟ್ಟು ನಿಂತಿತ್ತು ಎಂಬುದೂ ಕಿಲ್ಲಾರಿಯ ಪಾಠ. ಹಾಗಾಗಿ ಮಾಳಿಗೆ ಮನೆಯೆಲ್ಲ ಅಪಾಯ ಎಂಬ ತೀರ್ಮಾನ ಅವಸರದ್ದು. ಕಂಬಗಳು ಗೋಡೆಗೆ ಅಂಟದೆ ಸ್ವತಂತ್ರವಾಗಿ ನಿಂತಿವೆಯೇ, ಜಂತಿಯ ತುದಿ ಕೊಳೆತಿಲ್ಲವೇ, ವರ್ಷವರ್ಷ ಹಾಕುತ್ತ ಬಂದ ಮಣ್ಣಿನ ಪದರವನ್ನು ಕೆರೆದು ಹಗುರ ಮಾಡಲಾಗಿದೆಯೇ ಎಂಬುದು ಮುಖ್ಯ. ಗೋಡೆಗೆ ಸಾವಿರಾರು ರೂಪಾಯಿಯ ಬಣ್ಣ ಹಚ್ಚುವ ಬದಲು ಅದೇ ಹಣದಲ್ಲಿ ಮೇಲಿನ ಹೆಚ್ಚುವರಿ ಮಣ್ಣು ಇಳಿಸಿ, ಕೊಳೆತ ಜಂತಿಗಳನ್ನು ಬದಲಿಸಿದ ಮನೆಗೆ ಹೇಳಿಕೊಳ್ಳಲು ಒಂದು ಸತ್ಯ ಇರುತ್ತದೆ. ಹಳೆಯ ಸಾಗವಾನಿ ಕಂಬ-ತೊಲೆಗಳಿಗೆ ಪೇಟೆಯಲ್ಲಿ ಬೇರೆಯೇ ಗಿರಾಕಿಗಳಿದ್ದಾರೆ. ಕೆಲವು ವ್ಯವಹಾರಗಳಲ್ಲಿ ಮನೆಗಿಂತ ಮರವೇ ಬೆಲೆಬಾಳುತ್ತದೆ. ಅದು ಗೊತ್ತಿಲ್ಲದೆ ಮರಕ್ಕೆ ಎಣ್ಣೆಬಣ್ಣ ಬಳಿದವರು ತಮ್ಮ ಕೈಯಾರೆ ಬೆಲೆ ಇಳಿಸಿಕೊಳ್ಳುತ್ತಾರೆ.

ಎರೆಯೂ ನೀರೂ ಬಿಟ್ಟ ಗುರುತು

ಭೀಮಾ ತೀರದ ಎರೆಭೂಮಿ ಬೆಳೆಗೆ ತಾಯಿ, ಪಾಯಕ್ಕೆ ಮಲತಾಯಿ. ಮಳೆಗಾಲದಲ್ಲಿ ಈ ಮಣ್ಣು ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಕುಗ್ಗಿ ಅಂಗೈ ಇಳಿಯುವಷ್ಟು ಬಿರಿಯುತ್ತದೆ. ಪಾಯವನ್ನು ಕೆಳಗಿನ ಗಟ್ಟಿ ಮುರುಮಿನವರೆಗೆ ಇಳಿಸದ ಮನೆಗಳಲ್ಲಿ ಕಿಟಕಿ-ಬಾಗಿಲ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಶ್ರಾವಣದಲ್ಲಿ ಕೂಡಿಕೊಂಡಂತೆ ಕಾಣುವ ಬಿರುಕು ವೈಶಾಖದಲ್ಲಿ ಬಾಯಿ ಬಿಡುತ್ತದೆ. ತಿಳಿದ ಗೌಂಡಿ ಇದಕ್ಕೊಂದು ಸರಳ ಪರೀಕ್ಷೆ ಹೇಳುತ್ತಾನೆ. ಬಿರುಕಿಗೆ ಅಡ್ಡವಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಸಿಮೆಂಟು ಹಚ್ಚಿ ಕೂಡಿಸಿ, ಪಕ್ಕದಲ್ಲಿ ತಾರೀಖು ಬರೆಯಬೇಕು. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೂ ಗಾಜು ಒಡೆಯದಿದ್ದರೆ ಆ ಬಿರುಕು ಹಳೆಯದು, ಸತ್ತದ್ದು. ಒಡೆದರೆ ಬಿರುಕಿಗೆ ಇನ್ನೂ ಜೀವ ಇದೆ ಎಂದರ್ಥ.

ಮಣ್ಣಿನ ಗೋಡೆಗೆ ಸಿಮೆಂಟು ಗಿಲಾವು ಮಾಡಿಸುವುದು ಈಗಿನ ಚಾಳಿ. ನೋಡಲು ಗಟ್ಟಿ, ಆದರೆ ಮಣ್ಣಿನ ಗೋಡೆ ನೆಲದಿಂದ ಹೀರಿದ ತೇವವನ್ನು ಹೊರಗೆ ಬಿಡುತ್ತಲೇ ಬದುಕುವಂಥದ್ದು. ಸಿಮೆಂಟು ಆ ದಾರಿಯನ್ನು ಮುಚ್ಚುತ್ತದೆ. ಒಂದೆರಡು ವರ್ಷದಲ್ಲಿ ಗೋಡೆ ಉಪ್ಪು ಕಾರಿ, ಗಿಲಾವು ಉಬ್ಬಿ ಹೆಕ್ಕಳಿಕೆಯಾಗಿ ಬೀಳುತ್ತದೆ. ಸುಣ್ಣದ ಗುಣವೇ ಬೇರೆ. ಅದು ತೇವವನ್ನು ತಡೆಹಿಡಿಯುವುದಿಲ್ಲ. ಮಾರುವ ಸಲುವಾಗಿ ತುರ್ತಾಗಿ ಮಾಡಿಸಿದ ದುಬಾರಿ ಗಿಲಾವಿಗಿಂತ ಅಗ್ಗದ ಸುಣ್ಣವೇ ಹಳೆಯ ಮನೆಗೆ ಪ್ರಾಮಾಣಿಕವಾದ ಬಟ್ಟೆ.

ನದಿಯ ಗುರುತು ಇನ್ನೂ ಸೂಕ್ಷ್ಮ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಎರಡೂ ದಡದ ಊರುಗಳಿಗೆ ನುಗ್ಗಿತು. 2025ರ ಸೆಪ್ಟೆಂಬರ್‌ನಲ್ಲಿ ಸೀನಾ ನದಿಯ ನೆರೆ ಸೊಲ್ಲಾಪುರ ಜಿಲ್ಲೆಯ ಹಳ್ಳಿಗಳನ್ನು ಕಾಡಿತು. ನೀರು ಇಳಿದ ಮೇಲೆ ಗೋಡೆಯ ಮೇಲೆ ಮೊಣಕಾಲೆತ್ತರಕ್ಕೋ ಎದೆಯೆತ್ತರಕ್ಕೋ ಕೆಸರಿನ ಒಂದು ಅಡ್ಡಗೆರೆ ಉಳಿಯುತ್ತದೆ. ಆ ಗೆರೆಯ ಮೇಲೆ ಎರಡು ಕೈ ಸುಣ್ಣ ಬಿದ್ದರೆ ಕಣ್ಣಿಗೆ ಏನೂ ಕಾಣದು. ಕೊಳ್ಳುವವರು ಅದೇ ಊರಿನವರಾದರೆ ಅವರಿಗೆ ನೀರು ಎಲ್ಲಿಯವರೆಗೆ ಬಂದಿತ್ತೆಂದು ಗೊತ್ತು. ದೂರದಿಂದ ಬಂದವರಿಗೆ ಗೊತ್ತಿರುವುದಿಲ್ಲ. ಮನೆಯನ್ನು ಸಿಂಗರಿಸುವುದು ಎಲ್ಲಿ ಮುಗಿದು ಮರೆಮಾಚುವುದು ಎಲ್ಲಿ ಶುರುವಾಗುತ್ತದೆ ಎಂಬ ಪ್ರಶ್ನೆ ಸ್ಪಷ್ಟವಾಗಿ ಎದುರಾಗುವುದು ಈ ಗೆರೆಯ ಮುಂದೆಯೇ.

ಪೆಟ್ಟಿಗೆಯೊಳಗಿನ ಮನೆ

ಗೋಡೆ ಗಟ್ಟಿಯಿದ್ದರೂ ಕಾಗದ ಸಡಿಲವಾದರೆ ಮನೆ ಮಾರಾಟವಾಗದು. ಹೊಲಕ್ಕೆ ಹಕ್ಕು ತೋರಿಸುವ ಸಾತಬಾರಾ ಉತಾರ ಇದೆ. ಊರಿನ ವಾಸದ ಜಾಗವಾದ ಗಾವಠಾಣದೊಳಗಿನ ಮನೆಗೆ ಸಾಮಾನ್ಯವಾಗಿ ಅದು ಇರುವುದಿಲ್ಲ. ಅನೇಕರು ಗ್ರಾಮ ಪಂಚಾಯಿತಿಯ ನಮುನಾ 8ರ ಉತಾರವನ್ನೇ ಮಾಲೀಕತ್ವದ ಪತ್ರವೆಂದು ನಂಬಿದ್ದಾರೆ. ಅದು ಮನೆಪಟ್ಟಿ ಯಾರಿಂದ ವಸೂಲಾಗಬೇಕೆಂದು ತೋರಿಸುವ ದಾಖಲೆ. ಹಕ್ಕಿನ ಪುರಾವೆಯಾಗಿ ಅದೊಂದೇ ಸಾಲದು. ಅದರಲ್ಲೂ ಎಷ್ಟೋ ಕಡೆ ತೀರಿಕೊಂಡ ಅಜ್ಜನ ಹೆಸರೇ ಇನ್ನೂ ನಡೆಯುತ್ತಿರುತ್ತದೆ. ಇನ್ನೂ ಹಿಂದಕ್ಕೆ ಹೋದರೆ ಪೆಟ್ಟಿಗೆಯ ತಳದಲ್ಲಿ ಮೋಡಿ ಲಿಪಿಯ ಖರೇದಿ ಪತ್ರ ಸಿಗುತ್ತದೆ. ಅಕ್ಕಲಕೋಟೆ 1948ರವರೆಗೆ ಸಂಸ್ಥಾನವಾಗಿತ್ತು. ಆ ಕಾಲದ ಮೋಡಿ ಪತ್ರಗಳನ್ನು ಓದಬಲ್ಲವರು ಈಗ ಬೆರಳೆಣಿಕೆಯಷ್ಟು. ಕನ್ನಡದಲ್ಲಿ ಬರೆದ, ಪಾಲು ಹಂಚುವ ವಾಟ್ನಿಪತ್ರವೋ ಮೃತ್ಯುಪತ್ರವೋ ಇದ್ದರೆ ಇನ್ನೊಂದು ತೊಡಕು. ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿಲ್ಲದ, ಅಧಿಕಾರಿಗೆ ತಿಳಿಯದ ಭಾಷೆಯ ಪತ್ರಕ್ಕೆ ನಿಜಪ್ರತಿಯ ಜೊತೆಗೆ ಅನುವಾದವನ್ನೂ ಲಗತ್ತಿಸಬೇಕೆಂದು 1908ರ ನೋಂದಣಿ ಕಾಯ್ದೆಯ 19ನೆಯ ಕಲಮು ಹೇಳುತ್ತದೆ. ಕನ್ನಡಿಗರೇ ತುಂಬಿರುವ ತಾಲ್ಲೂಕಿನಲ್ಲಿ ಕನ್ನಡವನ್ನು ‘ಸಾಮಾನ್ಯ ಬಳಕೆ’ಯ ಭಾಷೆ ಎಂದು ಒಪ್ಪಿಸುವುದು ಬಾಯಿಮಾತಿನಷ್ಟು ಸುಲಭವಲ್ಲ.

ಈ ಗೊಂದಲಕ್ಕೆ ಒಂದು ಪರಿಹಾರವೂ ಸುಣ್ಣದ ರೂಪದಲ್ಲೇ ಬಂದದ್ದು ಸೋಜಿಗ. ಹಳ್ಳಿಗಳ ವಾಸದ ಜಾಗವನ್ನು ಡ್ರೋನ್‌ನಿಂದ ಅಳೆದು ಮಾಲೀಕರಿಗೆ ಮಿಳಕತ್ ಪತ್ರಿಕೆ ಕೊಡುವ ಸ್ವಾಮಿತ್ವ ಯೋಜನೆ 2020ರ ಏಪ್ರಿಲ್ 24ರಂದು ಆರಂಭವಾಯಿತು. ಡ್ರೋನ್ ಹಾರುವ ಮೊದಲು ಪ್ರತಿ ಮನೆಯ ಎಲ್ಲೆಯ ಗುಂಟ ಸುಣ್ಣದ ಪುಡಿಯಿಂದ ಗೆರೆ ಎಳೆಯುತ್ತಾರೆ. ಮೇಲಿನಿಂದ ತೆಗೆದ ಚಿತ್ರದಲ್ಲಿ ಆ ಬಿಳಿ ಗೆರೆಯೇ ಮನೆಯ ಎಲ್ಲೆ. ಪಕ್ಕದವರು ಒಪ್ಪದಿದ್ದರೆ ತಕರಾರು ಅಲ್ಲೇ ಹೊರಬೀಳುತ್ತದೆ. ಮಾರುವವರಿಗೆ ಗೋಡೆಯ ಸುಣ್ಣಕ್ಕಿಂತ ಈ ನೆಲದ ಸುಣ್ಣ ಹೆಚ್ಚು ಉಪಯೋಗಿ. ಊರ ಹೊರಗಿನ ಗುಂಠೆ ಲೆಕ್ಕದ ಪ್ಲಾಟುಗಳದು ಬೇರೆ ಕಥೆ. ಹೊಲವನ್ನು ತುಂಡು ಮಾಡಿ ಮಾರುವುದನ್ನು 1947ರ ತುಕಡೆಬಂದಿ ಕಾಯ್ದೆ ನಿರ್ಬಂಧಿಸಿದ್ದರಿಂದ, ಬರಿಯ ಬಾಂಡ್ ಕಾಗದದ ಮೇಲೆ ಕೈಬದಲಾದ ಜಾಗಗಳು ಬಹಳ. ಅಂಥ ಜಾಗದಲ್ಲಿ ಎಷ್ಟೇ ಚೆಂದದ ಬಂಗ್ಲೆ ಕಟ್ಟಿದರೂ ಬ್ಯಾಂಕಿನ ಸಾಲ ಬಯಸುವ ಗಿರಾಕಿ ಹಿಂದೆ ಸರಿಯುತ್ತಾನೆ.

ಸಹಿ ಹಾಕಬೇಕಾದವರು

ಇಸಾರದ ಮುಂಗಡ ಕೊಟ್ಟ ಮೇಲೂ ಮುರಿದುಬೀಳುವ ವ್ಯವಹಾರಗಳ ಹಿಂದೆ ಹೆಚ್ಚಾಗಿ ಇರುವುದು ಮನೆತನದ ಒಳಗಿನ ಅಸಮ್ಮತಿ. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಮಗಳಿಗೂ ಮಗನಷ್ಟೇ ಪಿತ್ರಾರ್ಜಿತ ಹಕ್ಕು ಕೊಟ್ಟಿತು. ಅದುವರೆಗೆ ಗಂಡುಮಕ್ಕಳು ತಾವಾಗಿ ಪಾಲು ಮಾಡಿಕೊಳ್ಳುವ ತನಕ ವಾಸದ ಮನೆಯಲ್ಲಿ ಪಾಲು ಕೇಳದಂತೆ ಹೆಣ್ಣುಮಕ್ಕಳನ್ನು ತಡೆದಿದ್ದ 23ನೆಯ ಕಲಮು ಅದೇ ತಿದ್ದುಪಡಿಯಲ್ಲಿ ಹೋಯಿತು. ತಿದ್ದುಪಡಿಯ ದಿನ ತಂದೆ ಬದುಕಿರಬೇಕಾಗಿಲ್ಲ ಎಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಸ್ಪಷ್ಟಪಡಿಸಿತು. ಆದರೂ ‘ಅಕ್ಕನ ಮದುವೆಗೇ ಖರ್ಚು ಮಾಡಿದ್ದೇವಲ್ಲ’ ಎಂಬ ಮಾತು ಇನ್ನೂ ನಿಂತಿಲ್ಲ. ಸೀರೆ-ಕುಪ್ಪಸ ಕೊಟ್ಟು, ಪಾಲು ಬಿಟ್ಟುಕೊಡುವ ಹಕ್ಕುಸೋಡ ಪತ್ರಕ್ಕೆ ಸಹಿ ಪಡೆಯುವ ರೂಢಿಯಲ್ಲಿ ಪ್ರೀತಿಯೂ ಇರಬಹುದು, ಒತ್ತಡವೂ ಇರಬಹುದು. ಒತ್ತಡವಿದ್ದಲ್ಲಿ ಅದು ಮುಂದೆ ದಾವೆಯಾಗಿ ಕೊಂಡವರ ಬಾಗಿಲಿಗೆ ಬರುತ್ತದೆ.

ಅದೇ ಕಾಯ್ದೆಯ 22ನೆಯ ಕಲಮಿನಂತೆ, ವಾರಸಾಗಿ ಬಂದ ಆಸ್ತಿಯಲ್ಲಿ ಒಬ್ಬರು ತಮ್ಮ ಪಾಲನ್ನು ಮಾರಹೊರಟರೆ ಉಳಿದ ಸಮೀಪದ ವಾರಸುದಾರರಿಗೆ ಕೊಳ್ಳುವ ಮೊದಲ ಹಕ್ಕಿದೆ. ಇದಲ್ಲದೆ, ಅವಿಭಕ್ತ ಕುಟುಂಬದ ವಾಸದ ಮನೆಯ ಪಾಲನ್ನು ಹೊರಗಿನವರು ಕೊಂಡರೂ ಅವರು ಒಳಗೆ ಬಂದು ಜೊತೆಯಲ್ಲಿ ವಾಸಿಸುವ ಹಕ್ಕು ಪಡೆಯುವುದಿಲ್ಲ ಎಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 44ನೆಯ ಕಲಮು ಹೇಳುತ್ತದೆ. ‘ಮೊದಲು ಅಣ್ಣತಮ್ಮಂದಿರನ್ನು ಕೇಳು’ ಎಂಬ ಊರ ಹಿರಿಯರ ಮಾತಿನಲ್ಲಿ ಕಾನೂನಿನ ತಿರುಳೂ ಇದೆ.

ತೋರಿಕೆ ಮತ್ತು ಮರೆಮಾಚುವಿಕೆ

ಮನೆಯನ್ನು ಸಿಂಗರಿಸಿ ಮಾರುವುದು ಅಮೆರಿಕದಲ್ಲಿ 1970ರ ದಶಕದಿಂದ ಒಂದು ವೃತ್ತಿಯಾಗಿಯೇ ಬೆಳೆದಿದೆ. ಬಾಡಿಗೆಯ ಸೋಫಾ, ಹೂದಾನಿ, ಬೆಳಕು ಜೋಡಿಸಿ, ಮನೆಯವರ ಫೋಟೊ ತೆಗೆದಿಟ್ಟು, ನೋಡುವವರು ಅಲ್ಲಿ ತಮ್ಮ ಬದುಕನ್ನು ಕಲ್ಪಿಸಿಕೊಳ್ಳುವಂತೆ ಮಾಡುತ್ತಾರೆ. ಪುಣೆ, ಬೆಂಗಳೂರಿನ ಫ್ಲ್ಯಾಟುಗಳಿಗೂ ಈ ಕಲೆ ಬಂದಿದೆ. ಇದರ ಪರವಾಗಿ ಹೇಳುವವರ ವಾದದಲ್ಲಿ ಹುರುಳಿದೆ. ಕೊಳೆ, ಕತ್ತಲೆ, ಜೇಡರ ಬಲೆಯ ನಡುವೆ ಒಳ್ಳೆಯ ಮನೆಯ ಗುಣವೂ ಕಾಣುವುದಿಲ್ಲ. ಬೆಳಕಿಂಡಿ ಒರೆಸಿ, ಅಟ್ಟದ ಮೇಲಿನ ಹಳೆಯ ಸಾಮಾನು ಇಳಿಸಿ, ಸೋರುವ ನಳ ದುರಸ್ತಿ ಮಾಡಿಸಿ ತೋರಿಸುವುದು ಮಾರುವವರ ಹಕ್ಕು. ಬಂದವರಿಗೆ ತೋರುವ ಮರ್ಯಾದೆಯೂ ಹೌದು. ‘ಕೊಳ್ಳುವವ ಕಣ್ಣು ತೆರೆದು ನೋಡಲಿ’ ಎಂಬುದು ದಲಾಲರ ಹಳೆಯ ಸಮರ್ಥನೆ.

ಕಾನೂನು ಅಷ್ಟಕ್ಕೇ ನಿಲ್ಲುವುದಿಲ್ಲ. ಮಾರುವವರಿಗೆ ಗೊತ್ತಿದ್ದು ಕೊಳ್ಳುವವರಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರದಿಂದ ಪತ್ತೆಯಾಗದ ಮುಖ್ಯ ದೋಷ ಆಸ್ತಿಯಲ್ಲಾಗಲಿ ಹಕ್ಕಿನಲ್ಲಾಗಲಿ ಇದ್ದರೆ ಅದನ್ನು ತಿಳಿಸಲೇಬೇಕೆಂದು ಆಸ್ತಿ ವರ್ಗಾವಣೆ ಕಾಯ್ದೆಯ 55ನೆಯ ಕಲಮು ವಿಧಿಸುತ್ತದೆ. ಎದ್ದು ಕಾಣುವ ಬಿರುಕನ್ನು ನೋಡದೆ ಕೊಂಡರೆ ತಪ್ಪು ಕೊಂಡವರದು. ಸುಣ್ಣದಡಿ ಮುಚ್ಚಿದ ನೆರೆಯ ಗೆರೆಯ ಹೊಣೆ ಮಾರಿದವರದು. ಹೊಸ ಕಟ್ಟಡಗಳ ಗಿರಾಕಿಗಳಿಗಾಗಿ 2016ರಲ್ಲಿ ಬಂದ ರೇರಾ ಕಾಯ್ದೆ ಇಂಥ ಹಳೆಯ ಮನೆಗಳ ಮರುಮಾರಾಟಕ್ಕೆ ಅನ್ವಯಿಸದ ಕಾರಣ ಈ ಹಳೆಯ ಕಲಮೇ ಇಲ್ಲಿ ಆಸರೆ.

ಅರ್ಥಶಾಸ್ತ್ರವೂ ಅದೇ ದಿಕ್ಕಿಗೆ ಬೆರಳು ತೋರುತ್ತದೆ. ಬಳಸಿದ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿಟ್ಟುಕೊಂಡು 1970ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞರೊಬ್ಬರು ಬರೆದ ಪ್ರಬಂಧ ಮುಂದೆ ನೊಬೆಲ್ ಮನ್ನಣೆ ಪಡೆಯಿತು. ದೋಷ ಮಾರುವವರಿಗಷ್ಟೇ ತಿಳಿದಿರುವ ಕಡೆ ಕೊಳ್ಳುವವರು ಎಲ್ಲ ವಸ್ತುವನ್ನೂ ಅನುಮಾನಿಸಿ ಬೆಲೆ ಇಳಿಸುತ್ತಾರೆ. ಆಗ ಒಳ್ಳೆಯ ವಸ್ತು ಇದ್ದವರು ಮಾರುಕಟ್ಟೆಯಿಂದಲೇ ದೂರ ಉಳಿಯುತ್ತಾರೆ ಎಂಬುದು ಅದರ ಸಾರ. ಊರಿನಲ್ಲಿ ಹತ್ತು ಮನೆಗಳ ಬಿರುಕಿಗೆ ಸುಣ್ಣ ಬಿದ್ದರೆ ಹನ್ನೊಂದನೆಯ ಗಟ್ಟಿ ಮನೆಗೂ ಬೆಲೆ ಸಿಗದು. ಕೊನೆಗೆ ಅದಕ್ಕೂ ಕೀಲಿ ಬಿದ್ದು, ಮೂರ್ನಾಲ್ಕು ಮಳೆಗಾಲದಲ್ಲಿ ಮಾಳಿಗೆ ಕುಸಿಯುತ್ತದೆ.

ಕೆಲಸದ ಸರದಿ

ಹಾಗಾದರೆ ಮನೆ ಅಣಿಗೊಳಿಸುವವರು ಮೊದಲು ಏನು ಮಾಡಬೇಕು? ವಾರಸಾ ನೋಂದಿಸಿ ಎಲ್ಲ ಹಕ್ಕುದಾರರ ಲಿಖಿತ ಸಮ್ಮತಿ ಪಡೆಯುವುದು ಮೊದಲನೆಯದು. ಮಿಳಕತ್ ಪತ್ರಿಕೆ, ಮನೆಪಟ್ಟಿಯ ಪಾವತಿ, ಹಳೆಯ ಖರೇದಿಯ ಇಂಡೆಕ್ಸ್ 2 ಹೊಂದಿಸಿಟ್ಟುಕೊಳ್ಳುವುದು ಎರಡನೆಯದು. ಮಾಳಿಗೆ, ಜಂತಿ, ತೇವ, ನಳ, ಶೌಚಾಲಯದ ದುರಸ್ತಿ ಮೂರನೆಯದು. ಬಾಳಿಕೆ ಹೆಚ್ಚಿಸುವ ದೊಡ್ಡ ಕೆಲಸದ ರಸೀದಿಗಳು ಮುಂದೆ ಬಂಡವಾಳ ಲಾಭದ ತೆರಿಗೆಯ ಲೆಕ್ಕಕ್ಕೂ ಬೇಕಾಗುತ್ತವೆ. ಸುಣ್ಣಬಣ್ಣ ಕೊನೆಯದು. ಕೊಳ್ಳುವವರಿಗೂ ಕೆಲವು ವಿಷಯ ತಿಳಿದಿರಬೇಕು. ಮಹಾರಾಷ್ಟ್ರದಲ್ಲಿ ವಾಸದ ಮನೆಯನ್ನು ಮಹಿಳೆಯ ಹೆಸರಿನಲ್ಲಿ ಕೊಂಡರೆ 2021ರ ಏಪ್ರಿಲ್‌ನಿಂದ ಮುದ್ರಾಂಕ ಶುಲ್ಕದಲ್ಲಿ ಶೇ 1ರಷ್ಟು ರಿಯಾಯಿತಿ ಇದೆ; ನೋಂದಣಿ ಶುಲ್ಕ ಶೇ 1, ಮಿತಿ 30 ಸಾವಿರ ರೂಪಾಯಿ. ಹೊಳೆಯಾಚೆ ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 2. ಇಸಾರವನ್ನು 20 ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ನಗದಿನಲ್ಲಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ.

ಆಡಳಿತದ ಪಾಲೂ ಉಳಿದಿದೆ. ಗಡಿ ತಾಲ್ಲೂಕುಗಳ ನೋಂದಣಿ ಕಚೇರಿಗಳಲ್ಲಿ ಕನ್ನಡ ಪತ್ರಗಳನ್ನು ಓದಬಲ್ಲ ಒಬ್ಬ ಸಿಬ್ಬಂದಿ, ಮೋಡಿ ಪತ್ರಗಳ ಲಿಪ್ಯಂತರಕ್ಕೆ ಒಂದು ನಿಗದಿತ ವ್ಯವಸ್ಥೆ, ನೆರೆ ಬಂದ ಎತ್ತರವನ್ನು ಊರಿನ ಸಾರ್ವಜನಿಕ ಗೋಡೆಯೊಂದರ ಮೇಲೆ ಗುರುತಿಸಿಡುವ ಪದ್ಧತಿ, ಇವ್ಯಾವುವೂ ದೊಡ್ಡ ಖರ್ಚಿನವಲ್ಲ. ಇವಿಷ್ಟು ಆದರೆ ಮಾರುವವರೂ ಕೊಳ್ಳುವವರೂ ಒಂದೇ ಮಾಹಿತಿಯ ಮೇಲೆ ಮಾತಾಡಬಹುದು.

ಸುಣ್ಣ ಒಣಗಲು ಒಂದು ದಿನ ಸಾಕು. ಜಂತಿ ಬದಲಿಸಲು ಒಂದು ವಾರ ಬೇಕು, ಗಾಜಿನ ಪಟ್ಟಿ ಬಿರುಕಿನ ನಿಜ ಹೇಳಲು ಒಂದು ವರ್ಷ. ಅಕ್ಕತಂಗಿಯರ ಮನಃಪೂರ್ವಕ ಸಹಿಗೆ ಎಷ್ಟು ದಿನ ಹಿಡಿದೀತೋ ಅದು ಆಯಾ ಮನೆತನಕ್ಕೇ ಗೊತ್ತು. ಈ ವರ್ಷದ ದೀಪಾವಳಿಗೆ ಮನೆ ಮಾರಬೇಕೆಂದಿರುವವರು ಕೆಲಸವನ್ನು ಈ ಪಟ್ಟಿಯ ಕೊನೆಯಿಂದ ಶುರುಮಾಡುವುದು ಒಳ್ಳೆಯದು.